ನೋಡಲಾಗದ ಅಟ್ಟದ ಮೂರು ಚಿತ್ರಗಳು

ಮಾರ್ಚ್ ೩

ಅತ್ತೆಯವರ ಪಾದಗಳಿಗೆ ಸೊಸೆಯ ನಮಸ್ಕಾರಗಳು.

ಫೋನಿನಲ್ಲಿ ಆಡಿದ್ದು ಗಾಳಿಯಲ್ಲಿ ಕರಗಿಹೋಗುತ್ತದೆ, ಏನೇ ಇದ್ದರೂ ಬರೆದು ಕಳಿಸು ಎಂದು ಬಸ್ಸಿನ ಕಿಟಕಿಯ ಕೆಳಗೆ ನಿಂತು ನೀವು ಹೇಳಿದ್ದಿರಿ. ಮೊದಲ ಪತ್ರದಲ್ಲಿ ಒಳ್ಳೆಯ ಸುದ್ದಿಯನ್ನೇ ಬರೆಯಬೇಕೆಂದು ಹತ್ತು ದಿನ ಕಾದೆ. ಅದು ಬರಲಿಲ್ಲ, ಆದ್ದರಿಂದ ಬಂದದ್ದನ್ನೇ ಬರೆಯುತ್ತಿದ್ದೇನೆ.

ಕೆಲಸ ನಾನು ಹೇಳಿದ್ದಂತೆಯೇ ಇದೆ. ಮನೆ ಕೊಳ್ಳುವವರು ಮಾತು ಮುಗಿಸುವ ಮುನ್ನ ನಮ್ಮ ಕಚೇರಿಗೆ ಬರುತ್ತಾರೆ. ನಾವು ಹೋಗಿ ಅಡಿಪಾಯದಿಂದ ಅಟ್ಟದವರೆಗೆ ನೋಡಿ, ಬಿರುಕು, ತೇವ, ಗೆದ್ದಲು, ಸೋರುವ ಕೊಳವೆ ಎಲ್ಲವನ್ನೂ ಫೋಟೊ ಸಮೇತ ವರದಿ ಮಾಡುತ್ತೇವೆ. ಕಚೇರಿಗೆಲ್ಲ ಸೇರಿ ಒಂದೇ ಕ್ಯಾಮೆರಾ. ಕಚೇರಿಯ ಯಜಮಾನರಿಗೆ ಅದೂ ಹೆಚ್ಚೇ. ಕೋಣೆಗೆ ಕಾಲಿಟ್ಟ ಕೂಡಲೇ ಮೂಗೆತ್ತಿ ವಾಸನೆ ಹಿಡಿದು, "ಎಡಗಡೆ ಗೋಡೆ, ಕೆಳಗೆ ತೇವ" ಎಂದು ಹೇಳಿಬಿಡುವವರು ಅವರು. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುತ್ತದೆ.

ನನ್ನ ಮೊದಲ ಸ್ವತಂತ್ರ ವರದಿ ಒಬ್ಬ ಬೇಕರಿಯವರ ಮನೆಯದು. ಎರಡು ಮಲಗುವ ಕೋಣೆಗಳು. ಎರಡಕ್ಕೂ ಅದೇ ತಿಳಿಹಸಿರು ಬಣ್ಣ. ಹಿಂದಿನ ಕೋಣೆಯ ಗೋಡೆಯಲ್ಲಿ ಬಿರುಕಿತ್ತು. ಮೂಗು ತಾಗುವಷ್ಟು ಹತ್ತಿರ ಹೋಗಿ ಬಹಳ ಸೊಗಸಾದ ಫೋಟೊ ತೆಗೆದು, "ಮಲಗುವ ಕೋಣೆಯ ಗೋಡೆಯಲ್ಲಿ ಬಿರುಕು" ಎಂದು ಬರೆದೆ. ಬೇಕರಿಯವರ ಗಾರೆ ಕೆಲಸದವರು ಮುಂದಿನ ಕೋಣೆಗೆ ನುಗ್ಗಿ, ಅಲ್ಲಿ ಕಂಡ ಕೂದಲೆಳೆಯಂಥ ಒಂದು ಗೀರನ್ನೇ ನನ್ನ ಬಿರುಕೆಂದು ತಿಳಿದು, ಕಲ್ಲಿನಂಥ ಗೋಡೆಯನ್ನು ಮೊಳಕಾಲೆತ್ತರದಿಂದ ಕೊರಳೆತ್ತರದವರೆಗೆ ಒಡೆದುಹಾಕಿದ್ದಾರೆ. ನಿಜವಾದ ಬಿರುಕು ಹಿಂದಿನ ಕೋಣೆಯಲ್ಲಿ ಸುಖವಾಗಿದೆ.

ಬೇಕರಿಯವರು ಮೈಯೆಲ್ಲ ಗಾರೆಯ ಧೂಳಿನೊಂದಿಗೆ ಕಚೇರಿಗೇ ಬಂದರು. "ಏನಮ್ಮಾ, ನಿನ್ನ ಫೋಟೊ ನೋಡಿದ್ರೆ ನದಿ ಹರಿದ ಹಾಗಿದೆ. ಚೆನ್ನಾಗಿದೆ. ಯಾವ ಊರಿನ ನದಿ ಅಂತ ಒಂದು ಮಾತು ಬರೀಬಾರದಿತ್ತಾ?" ಎಂದರು.

ಯಜಮಾನರು ಕೂಗಾಡಲಿಲ್ಲ, ಕೂಗಾಡಿದ್ದರೆ ಹಗುರವಾಗುತ್ತಿತ್ತು. ಆಗಸ್ಟ್ ಕೊನೆಗೆ ನನ್ನ ಆರು ತಿಂಗಳ ಪರೀಕ್ಷಾವಧಿ ಮುಗಿಯುತ್ತದೆ. ತಪಾಸಕರ ಸಂಘದ ಪರವಾನಗಿಗೆ ಆಗ ಅವರು ಶಿಫಾರಸು ಮಾಡಬೇಕು. ಇನ್ನೊಂದು ದೂರು ನಿಜವಾದರೆ ಮಾಡುವುದಿಲ್ಲ ಎಂದು ಹೇಳಿದ್ದಾರೆ.

ನಿಮ್ಮ ಮಗನಿಗೆ ಇದನ್ನು ಓದಿ ಹೇಳಿ. ನಾನು ಅವರಿಗೆ ಬರೆದ ಪತ್ರದಲ್ಲಿ ಎಲ್ಲವೂ ಚೆನ್ನಾಗಿದೆ ಎಂದಿದೆ.

ನಿಮ್ಮ ವಿಧೇಯ,
ಸೊಸೆ

ಮಾರ್ಚ್ ೧೧

ಸೊಸೆಗೆ ಅತ್ತೆಯ ಆಶೀರ್ವಾದ.

ನಿನ್ನ ಪತ್ರ ತಲುಪಿತು. ಅದರಲ್ಲಿ ಮೂರು ತಪ್ಪುಗಳಿದ್ದವು. ಕೆಂಪು ಶಾಯಿಯಲ್ಲಿ ಗುರುತಿಸಿ ಇದರೊಡನೆ ಹಿಂದಿರುಗಿಸಿದ್ದೇನೆ. ನಾಲ್ಕನೆಯ ತಪ್ಪು ಗೋಡೆಯದು.

ಛಾಯಾಚಿತ್ರಗಳನ್ನು ಕಂಡರೆ ನನಗೆ ಎಂದಿಗೂ ಅಷ್ಟಕ್ಕಷ್ಟೇ. ಸರಿಯಾಗಿ ಬರೆಯಬಲ್ಲವರಿಗೆ ಅದು ಏಕೆ ಬೇಕು ಎಂಬುದು ನನ್ನ ವಾದ. ಆ ವಾದವನ್ನು ಈ ಪತ್ರದಲ್ಲಿಯೂ ಮಂಡಿಸಬೇಕೆಂದು ಕುಳಿತೆ. ಆದರೆ ಪರೀಕ್ಷಿಸದೆ ಮಂಡಿಸುವುದು ಸರಿಯಲ್ಲವೆಂದು, ನಮ್ಮ ಬಚ್ಚಲಮನೆಯ ಗೋಡೆಯಲ್ಲಿರುವ ಬಿರುಕನ್ನು ಒಂದು ಪುಟ ತುಂಬ, ದಿಕ್ಕು, ಎತ್ತರ, ಉದ್ದ, ವಕ್ರತೆ ಯಾವುದನ್ನೂ ಬಿಡದೆ ವರ್ಣಿಸಿ ಬರೆದೆ. ಬಳಿಕ ಆ ಪುಟವನ್ನು ನಿನ್ನ ಗಂಡನ ಕೈಗಿತ್ತು, ಹೋಗಿ ಆ ಬಿರುಕನ್ನು ತೋರಿಸು ಎಂದೆ. ಆತ ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಬಂದು, "ಸಿಕ್ತು ಬಿಡಮ್ಮಾ" ಎಂದು ಕರೆದೊಯ್ದು, ಬಾಗಿಲ ಹಿಂದಿನ ಇನ್ನೊಂದು ಬಿರುಕನ್ನು ತೋರಿಸಿದ. ಅಂಥದ್ದೊಂದು ಅಲ್ಲಿದೆಯೆಂದು ನನಗೇ ತಿಳಿದಿರಲಿಲ್ಲ.

ಆದುದರಿಂದ ಛಾಯಾಚಿತ್ರ ಇರಲಿ. ಆದರೆ ನೀನು ತೆಗೆದಂತೆ ಅಲ್ಲ. ಮಕ್ಕಳಿಗೆ ಭೂಪಟ ಕಲಿಸುವಾಗ ನಾನು ಒಂದು ಕ್ರಮವನ್ನು ಮುರಿದವಳಲ್ಲ: ಮೊದಲು ದೇಶ, ಆಮೇಲೆ ಜಿಲ್ಲೆ, ಅನಂತರ ಊರು. ಎಲ್ಲಿ ಎಂಬುದು ತಿಳಿಯದ ಹೊರತು ಏನು ಎಂಬುದಕ್ಕೆ ಬೆಲೆಯಿಲ್ಲ. ನೀನೂ ಹಾಗೆಯೇ ಮಾಡು. ಬಾಗಿಲಲ್ಲಿ ನಿಂತು ಇಡೀ ಕೋಣೆಯ ಚಿತ್ರ. ಎರಡು ಹೆಜ್ಜೆ ಮುಂದೆ ಬಂದು ಆ ಗೋಡೆಯ ಚಿತ್ರ. ಕೊನೆಗೆ ಬಿರುಕಿನ ಚಿತ್ರ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು. ಮೂರಕ್ಕೂ ಸಂಖ್ಯೆ ಹಾಕು. ಕೆಳಗೆ ಕರ್ತೃ, ಕ್ರಿಯಾಪದಗಳಿರುವ ಪೂರ್ಣ ವಾಕ್ಯ ಬರೆ.

ನಮ್ಮ ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯ ಜಾಗವೊಂದು ಖಾಲಿಯಿದೆ. ಮುಖ್ಯೋಪಾಧ್ಯಾಯಿನಿ ನನ್ನ ಹಳೆಯ ವಿದ್ಯಾರ್ಥಿನಿ. ಆಗಸ್ಟ್ ಕೊನೆಯವರೆಗೆ ನಿನಗಾಗಿ ಕಾದಿರಿಸಲು ಹೇಳಿದ್ದೇನೆ. ಫ್ಯಾನಿನ ಕೆಳಗೆ ಕುಳಿತು ಮಾಡುವ ಕೆಲಸ.

ನಿನ್ನ ಹಿತೈಷಿ,
ಅತ್ತೆ

ಏಪ್ರಿಲ್ ೨

ಅತ್ತೆಯವರಿಗೆ ನಮಸ್ಕಾರಗಳು.

ಬೇಕರಿಯವರ ಮನೆಗೆ ನಾನೇ ಹೋಗಿ, ಕೇಳದಿದ್ದರೂ ಮತ್ತೊಮ್ಮೆ ತಪಾಸಣೆ ಮಾಡಿದೆ. ದೇಶ, ಜಿಲ್ಲೆ, ಊರು, ಮೂರು ಫೋಟೊ. ಗಾರೆ ಕೆಲಸದವರಿಗೆ ಅವನ್ನು ಕೊಟ್ಟು ಹೊರಗೆ ಜಗಲಿಯಲ್ಲಿ ಕುಳಿತೆ. ಅವರು ಯಾರನ್ನೂ ಏನನ್ನೂ ಕೇಳದೆ ನೇರವಾಗಿ ಹಿಂದಿನ ಕೋಣೆಗೆ ಹೋಗಿ ಬಿರುಕಿನ ಮೇಲೆ ಕೈಯಿಟ್ಟರು. ಬೇಕರಿಯವರು, "ಇದಪ್ಪಾ ವರದಿ ಅಂದ್ರೆ! ಇದನ್ನ ಹಿಡ್ಕೊಂಡು ಕುರುಡನೂ ಹೋಗ್ಬೋದು" ಎಂದರು. ಕುರುಡರಿಗೆ ಫೋಟೊ ಹೇಗೆ ನೆರವಾಗುತ್ತದೆ ಎಂದು ನೀವು ಕೇಳುವಿರೆಂದು ಗೊತ್ತು. ಅವರು ಖುಷಿಯಲ್ಲಿದ್ದರು, ನಾನು ತಿದ್ದಲಿಲ್ಲ.

ಯಜಮಾನರು ಮಾತ್ರ ಹಾಳೆ ತಿರುವುತ್ತ, "ಒಂದು ಬಿರುಕಿಗೆ ಮೂರು ಫೋಟೊನಾ? ಅದಕ್ಕೇನು ಮದುವೆ ಗೊತ್ತಾಗಿದೆಯಾ?" ಎಂದರು. ಆದರೂ ಸಹಿ ಹಾಕಿದರು.

ಈ ಕ್ರಮ ಕೈಗೆ ಹತ್ತಿದ ಮೇಲೆ ಇನ್ನೊಂದು ಅಭ್ಯಾಸ ತಾನಾಗಿಯೇ ಬಂದಿದೆ. ದೋಷವಿರುವುದನ್ನು ಮಾತ್ರವಲ್ಲ, ದೋಷವಿಲ್ಲದ್ದನ್ನೂ ತೆಗೆಯುತ್ತೇನೆ: ನೆಟ್ಟಗಿರುವ ಚೌಕಟ್ಟು, ಒಣಗಿರುವ ಮೂಲೆ. ನೋಡಿದ್ದೇನೆ ಎಂಬುದಕ್ಕೆ ಅದೇ ಸಾಕ್ಷಿ. ನಮ್ಮಪ್ಪ ಗಾರೆ ಮುಗಿಸಿದ ಮೇಲೆ ಗೋಡೆಯುದ್ದಕ್ಕೂ ಅಂಗೈ ಸವರಿಕೊಂಡು ಹೋಗುತ್ತಿದ್ದರು. ಚೆನ್ನಾಗಿರುವಲ್ಲಿಯೂ ಕೈ ಎತ್ತುತ್ತಿರಲಿಲ್ಲ. ಈಗಿನ ವರದಿಯ ಒಂದು ಪ್ರತಿಯನ್ನು ನಿಮಗೆ ಕಳಿಸಿದ್ದೇನೆ.

ಗುಮಾಸ್ತೆಯ ಜಾಗದ ವಿಷಯಕ್ಕೆ ಕೃತಜ್ಞಳು.

ನಿಮ್ಮ ವಿಧೇಯ,
ಸೊಸೆ

ಏಪ್ರಿಲ್ ೧೦

ಸೊಸೆಗೆ ಆಶೀರ್ವಾದ.

ನಿನ್ನ ವರದಿಯಲ್ಲಿ ನೂರ ಹದಿನೆಂಟು ಛಾಯಾಚಿತ್ರಗಳಿವೆ. ಎಣಿಸಿದ್ದೇನೆ. ಅವುಗಳಲ್ಲಿ ಎಪ್ಪತ್ತರಲ್ಲಿ ಯಾವ ದೋಷವೂ ಇಲ್ಲ. ಸರಿಯಾಗಿರುವ ಬಾಗಿಲಿನ ಚಿತ್ರವನ್ನು ಯಾರು ಓದುತ್ತಾರೆ? ಹೇಳಲು ಏನೂ ಇಲ್ಲದಲ್ಲಿ ಸುಮ್ಮನಿರುವುದು ಬರವಣಿಗೆಯ ಮೊದಲ ಶಿಸ್ತು. ಮೂರು ಎಂದು ನಾನು ಹೇಳಿದ್ದು ದೋಷಕ್ಕೆ. ಮನೆಯ ಪ್ರತಿ ಮೊಳೆಗೂ ಅಲ್ಲ. ಪರೀಕ್ಷೆಯಲ್ಲಿ ಕೇಳದ ಪ್ರಶ್ನೆಗೆ ಉತ್ತರ ಬರೆದು ಪುಟ ತುಂಬಿಸುವ ಹುಡುಗಿಯರನ್ನು ನಾನು ಮೂವತ್ತನಾಲ್ಕು ವರ್ಷ ನೋಡಿದ್ದೇನೆ.

ಚಿತ್ರಗಳ ಕೆಳಗಿನ ವಾಕ್ಯಗಳು ಚೆನ್ನಾಗಿವೆ. ತೊಂಬತ್ತೊಂದನೆಯದರ ಕೆಳಗೆ ಇರುವ "ಈ ನಲ್ಲಿ ಪೂರ್ತಿ ತಿರುಗಿಸಿದರೂ ಸುಮ್ಮನಾಗುವುದಿಲ್ಲ" ಎಂಬುದನ್ನು ಗಟ್ಟಿಯಾಗಿ ಓದಿದೆ. ನಿನ್ನ ಗಂಡ ನಕ್ಕ.

ಆತನ ಕ್ಯಾಮೆರಾ ಪಡೆದು ಬಚ್ಚಲಮನೆಯ ಎರಡು ಬಿರುಕುಗಳನ್ನೂ ನಾನೇ ಕ್ರಮವಾಗಿ ತೆಗೆದೆ. ಆರು ಚಿತ್ರಗಳಲ್ಲಿಯೂ ನನ್ನ ಹೆಬ್ಬೆರಳು ಬಂದಿದೆ. ಈ ವಿದ್ಯೆಯಲ್ಲಿ ನೀನು ಮುಂದಿರುವೆ ಎಂದು ದಾಖಲಿಸುತ್ತೇನೆ. ಆದರೆ ಸಂಕ್ಷಿಪ್ತತೆಯಲ್ಲಿ ಅಲ್ಲ.

ಇಂತು,
ಅತ್ತೆ

ಜೂನ್ ೨

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಮಾತಿನಂತೆ ಕಡಿಮೆ ಮಾಡಿದ್ದೇನೆ. ಈಗ ಒಂದು ವರದಿ ಅರವತ್ತು ಫೋಟೊ ದಾಟುವುದಿಲ್ಲ. ಆದರೆ ಒಂದು ಕಡೆ ತೀರ್ಮಾನಿಸಲಾಗದೆ ಮೂರು ಫೋಟೊಗಳನ್ನು ಅಚ್ಚು ಹಾಕಿಸಿ ನಿಮಗೆ ಕಳಿಸುತ್ತಿದ್ದೇನೆ.

ಆಸ್ಪತ್ರೆಯ ನರ್ಸಮ್ಮ ಒಬ್ಬರು ಕೊಳ್ಳಲಿರುವ ಮನೆ. ಮಾರುವವರು ಕಟ್ಟಡದ ಗುತ್ತಿಗೆದಾರರು; ತಮಗೆಂದೇ ಕಟ್ಟಿಸಿಕೊಂಡು ಹನ್ನೆರಡು ವರ್ಷ ವಾಸವಿದ್ದವರು. ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ ನನ್ನ ಬೆನ್ನ ಹಿಂದೆಯೇ ಸುತ್ತಿದರು. ಓಣಿಯಂಥ ನಡುವಿನ ದಾರಿಯ ಕೊನೆಯಲ್ಲಿ, ಮೇಲೆ, ಅಟ್ಟದ ಬಾಗಿಲು. ಸರಿಯಾಗಿ ಅದರ ಕೆಳಗೆ ನಿಲುವುಗನ್ನಡಿಯ ಒಂದು ದೊಡ್ಡ ಬೀರು. ಬೀರುವಿನ ಮೇಲೆ ಅಟ್ಟದ ಬಾಗಿಲಿಗೆ ಒತ್ತಿಕೊಂಡು ಪೆಟ್ಟಿಗೆಗಳು. ಏಣಿ ಇಡಲು ಜಾಗವಿಲ್ಲ.

"ಸ್ವಲ್ಪ ಸರಿಸಿ ಕೊಡ್ತೀರಾ ಸಾರ್?" ಎಂದೆ.

"ಅದನ್ನ ಸರಿಸೋಕೆ ನಾಲ್ಕು ಆಳು ಬೇಕಮ್ಮ. ಅಟ್ಟದಲ್ಲಿ ಏನಿರುತ್ತೆ? ಗಾಳಿ. ಗಾಳಿ ಚೆನ್ನಾಗಿದೆ ಅಂತ ಬರ್ಕೋ."

"ನೋಡದೆ ಬರೆಯೋ ಹಾಗಿಲ್ಲ ಸಾರ್."

"ಯಾರಮ್ಮಾ ನೀನು? ಯಾರ ಮಗಳು?"

ಹೇಳಿದೆ. ನಮ್ಮಪ್ಪ ಒಂದು ಕಾಲದಲ್ಲಿ ಅವರ ಕಟ್ಟಡಗಳಲ್ಲಿಯೂ ಗಾರೆ ಮಾಡಿದವರು. ಅವರು ನಕ್ಕರು. "ಅಪ್ಪ ಕರಣೆ ಕೈಲಿ ಹಿಡಿದು ನನ್ನೆದುರು ನಿಲ್ತಿದ್ದ. ಮಗಳು ಕ್ಯಾಮೆರಾ ಹಿಡ್ಕೊಂಡು ಬಂದವಳೆ, ನನ್ನ ಮನೆಗೆ ಮಾರ್ಕ್ಸ್ ಹಾಕೋಕೆ!"

ಅಟ್ಟವನ್ನು ನೋಡಲಾಗಲಿಲ್ಲ, ತೆರವು ಮಾಡಿಸಿ ಮತ್ತೆ ತಪಾಸಣೆ ಮಾಡಿಸಬೇಕು ಎಂದು ವರದಿಯಲ್ಲಿ ಒಂದು ವಾಕ್ಯ ಬರೆದಿದ್ದೇನೆ. ಜೊತೆಗೆ ಆ ದಾರಿ, ಆ ಬೀರು, ಆ ಪೆಟ್ಟಿಗೆಗಳ ಹಿಂದೆ ಇಣುಕುವ ಅಟ್ಟದ ಬಾಗಿಲು, ಈ ಮೂರನ್ನೂ ಸೇರಿಸಬೇಕೆಂದು ನನ್ನ ಮನಸ್ಸು. ನೀವು ಏನು ಹೇಳುತ್ತೀರಿ?

ನಿಮ್ಮ ವಿಧೇಯ,
ಸೊಸೆ

ಜೂನ್ ೮

ಸೊಸೆಗೆ ಆಶೀರ್ವಾದ.

ಮೂರನ್ನೂ ನೋಡಿದೆ. ಮೊದಲನೆಯದರಲ್ಲಿ ಒಂದು ದಾರಿ ಇದೆ. ಎರಡನೆಯದರಲ್ಲಿ ಒಂದು ಬೀರು ಇದೆ. ಮೂರನೆಯದರಲ್ಲಿ ಪೆಟ್ಟಿಗೆಗಳಿವೆ. ಅಟ್ಟ ಯಾವುದರಲ್ಲಿಯೂ ಇಲ್ಲ. ಕಾಣದ್ದರ ಚಿತ್ರ ತೆಗೆಯುವುದು ಎಂದರೇನು? ನೋಡಲಾಗಲಿಲ್ಲ ಎಂದು ನೀನು ಬರೆದಿರುವ ವಾಕ್ಯ ಸ್ಪಷ್ಟವಾಗಿದೆ, ಪೂರ್ಣವಾಗಿದೆ, ಸಾಕು. ಅದರ ಮೇಲೆ ಮೂರು ಚಿತ್ರಗಳನ್ನು ಹೇರಿದರೆ, ತನ್ನ ವಾಕ್ಯವನ್ನು ತಾನೇ ನಂಬದವಳಂತೆ ಕಾಣುವೆ.

ಪ್ರತಿಯೊಂದರ ಹಿಂಬದಿಯಲ್ಲಿಯೂ ನನ್ನ ಅಭಿಪ್ರಾಯ ಬರೆದು, ತಾರೀಖು ಹಾಕಿ, ಸಹಿ ಮಾಡಿ ಹಿಂದಿರುಗಿಸಿದ್ದೇನೆ.

ಆ ಮನುಷ್ಯ ನಿನ್ನ ತಂದೆಯವರ ಬಗ್ಗೆ ಆಡಿದ ಮಾತಿಗೆ ನೀನು ಏನು ಉತ್ತರ ಕೊಟ್ಟೆ ಎಂದು ಬರೆದಿಲ್ಲ.

ಇಂತು,
ಅತ್ತೆ

ಜೂನ್ ೧೯

ಅತ್ತೆಯವರಿಗೆ ನಮಸ್ಕಾರಗಳು.

ಮೂರನ್ನೂ ವರದಿಯಿಂದ ತೆಗೆದೆ. ಯಜಮಾನರ ಮೇಜಿಗೆ ಕೊಂಡೊಯ್ಯುವಾಗ ಮೆಟ್ಟಿಲಿನ ಮೇಲೆ ನಿಂತೆ. ಮತ್ತೆ ಕೆಳಗಿಳಿದು ಬಂದು ಮೂರನೆಯದೊಂದನ್ನು ವಾಪಸು ಸೇರಿಸಿದೆ. ಪೆಟ್ಟಿಗೆಗಳ ಹಿಂದೆ ಬಾಗಿಲಿನ ಅಂಚು ಕಾಣುವ ಫೋಟೊ. ಈಗ ಅದು ವರದಿಯಲ್ಲಿ ನಲವತ್ತೊಂದನೆಯ ಚಿತ್ರ.

ಇದು ನಿಮ್ಮನ್ನು ಕೇಳುತ್ತಿರುವುದಲ್ಲ, ತಿಳಿಸುತ್ತಿರುವುದು.

ಗುತ್ತಿಗೆದಾರರಿಗೆ ನಾನು ಕೊಟ್ಟ ಉತ್ತರ: "ಹೌದು ಸಾರ್. ನಿಮ್ಮ ಮನೆಯಲ್ಲಿ ಗಾರೆ ಮಾತ್ರ ಎಲ್ಲೂ ಬಿಟ್ಟಿಲ್ಲ. ಅದು ನಮ್ಮಪ್ಪನ ಕೆಲಸ."

ನಿಮ್ಮ,
ಸೊಸೆ

ಆಗಸ್ಟ್ ೨೩

ಅತ್ತೆಯವರಿಗೆ ನಮಸ್ಕಾರಗಳು.

ಎರಡು ತಿಂಗಳಿನಿಂದ ನಿಮ್ಮ ಪತ್ರವಿಲ್ಲ. ನಾನೂ ಬರೆಯಲಿಲ್ಲ. ಈಗ ಬರೆಯದಿದ್ದರೆ ಆಗುವುದಿಲ್ಲ.

ನರ್ಸಮ್ಮ ಜುಲೈಯಲ್ಲಿ ಆ ಮನೆಯನ್ನು ಕೊಂಡರು. ಹೋದ ವಾರ ಅಟ್ಟದ ತೊಲೆಯೊಂದು ಕುಸಿದು, ಅದರ ಮೇಲಿನ ಸೂರು ಒಂದು ಹಾಸಿಗೆಯಷ್ಟು ಅಗಲಕ್ಕೆ ಜಗ್ಗಿದೆ. ತೊಲೆಯನ್ನು ಒಳಗಿನಿಂದ ಗೆದ್ದಲು ತಿಂದು ಬಹಳ ಕಾಲವಾಗಿದೆಯಂತೆ. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ನರ್ಸಮ್ಮ ಸಂಘದ ಮಂಡಳಿಗೆ ದೂರು ಕೊಟ್ಟಿದ್ದಾರೆ. ನನ್ನ ಮೇಲೆ.

ನನ್ನ ವರದಿ ಓದಿದ ಮೇಲೆ ಅವರು ಗುತ್ತಿಗೆದಾರರನ್ನು ಅಟ್ಟದ ವಿಷಯ ಕೇಳಿದ್ದರಂತೆ. ಅವರು ಕರೆದೊಯ್ದು ತೋರಿಸಿದಾಗ ಅಲ್ಲಿ ಬೀರೂ ಇರಲಿಲ್ಲ, ಪೆಟ್ಟಿಗೆಯೂ ಇರಲಿಲ್ಲ. ಏಣಿ ಒರಗಿಸಿಟ್ಟಿತ್ತು, ಬಾಗಿಲು ತೆರೆದಿತ್ತು. "ಯಾವಾಗಲೂ ಹೀಗೇ ಇತ್ತಮ್ಮ. ಆ ಹುಡುಗಿಗೆ ಏಣಿ ಅಂದ್ರೆ ಭಯ. ಹತ್ತಲಿಲ್ಲ, ನೋಡೋಕಾಗಲಿಲ್ಲ ಅಂತ ಬರೆದುಬಿಟ್ಟಳು" ಎಂದಿದ್ದಾರೆ. ನರ್ಸಮ್ಮ ಕೆಳಗಿನಿಂದ ಕತ್ತೆತ್ತಿ ನೋಡಿ ನಂಬಿದರು. ನಾನಾಗಿದ್ದರೂ ನಂಬುತ್ತಿದ್ದೆ.

ನಲವತ್ತೊಂದನೆಯ ಚಿತ್ರಕ್ಕೂ ಗುತ್ತಿಗೆದಾರರಲ್ಲಿ ಉತ್ತರ ಸಿದ್ಧವಾಗಿದೆ. ಮಂಡಳಿಗೆ ಬರೆದುಕೊಟ್ಟಿರುವುದು ಹೀಗೆ: ಇಂಥ ಪೆಟ್ಟಿಗೆ, ಇಂಥ ಮರದ ಬಾಗಿಲು ಎಲ್ಲರ ಮನೆಯಲ್ಲೂ ಇರುತ್ತದೆ. ಇದು ಬೇರೆ ಮನೆಯ ಫೋಟೊ. ಒಂದು ಕೋಣೆಗೂ ಇನ್ನೊಂದು ಕೋಣೆಗೂ ವ್ಯತ್ಯಾಸ ತಿಳಿಯದೆ ಬೇಕರಿಯವರ ಗೋಡೆ ಒಡೆಸಿದವಳು ಇವಳೇ. ಗಾರೆಯವನ ಮಗಳ ಕೈಗೆ ಕ್ಯಾಮೆರಾ ಕೊಟ್ಟರೆ ಆಗುವುದು ಇದೇ.

ದಾರಿಯ ಫೋಟೊ, ಬೀರುವಿನ ಫೋಟೊ ವರದಿಯಲ್ಲಿದ್ದಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ. ತಮ್ಮ ಮನೆಯ ದಾರಿಯನ್ನು ನರ್ಸಮ್ಮನೇ ಗುರುತಿಸುತ್ತಿದ್ದರು. ಕ್ಯಾಮೆರಾದೊಳಗೆ ಅವು ಈಗ ಇಲ್ಲ. ತಿಂಗಳ ಕೊನೆಗೆ ವರದಿಯಲ್ಲಿ ಸೇರದ್ದನ್ನೆಲ್ಲ ಅಳಿಸುವುದು ಕಚೇರಿಯ ಪದ್ಧತಿ. ಉಳಿದಿರುವುದು ನೀವು ಹಿಂದಿರುಗಿಸಿದ ಮೂರು ಅಚ್ಚುಪ್ರತಿಗಳು, ಅವು ಬಂದ ಲಕೋಟೆಯ ಸಮೇತ.

ಅವುಗಳ ಹಿಂಬದಿಯಲ್ಲಿ ನಿಮ್ಮ ಕೈಬರಹವಿದೆ. ಮಂಡಳಿಯ ಮುಂದೆ ಇಟ್ಟರೆ ಅದನ್ನು ಎಲ್ಲರೂ ಓದುತ್ತಾರೆ. ನಿಮ್ಮನ್ನು ಕೇಳದೆ ನಾನು ಅದನ್ನು ಮಾಡಲಾರೆ. ಸೆಪ್ಟೆಂಬರ್ ಹತ್ತಕ್ಕೆ ವಿಚಾರಣೆ. ಅಲ್ಲಿಯವರೆಗೆ ಯಜಮಾನರು ಶಿಫಾರಸನ್ನು ತಡೆಹಿಡಿದಿದ್ದಾರೆ. ವಿಚಾರಣೆಯಲ್ಲಿ ಸೋತರೆ ಪರವಾನಗಿ ಇಲ್ಲ. ಮುಂದೆ ಯಾವ ಊರಿನಲ್ಲಿಯೂ ಇಲ್ಲ.

ನಿಮ್ಮ,
ಸೊಸೆ

ಆಗಸ್ಟ್ ೨೮

ಸೊಸೆಗೆ ಆಶೀರ್ವಾದ.

ಇಡು. ಮೂರನ್ನೂ ಇಡು, ಹಿಂಬದಿ ಮೇಲೆ ಬರುವಂತೆ ಇಡು. ನಾನು ಬರೆದದ್ದನ್ನು ನಾಲ್ಕು ಜನ ಓದುತ್ತಾರೆ ಎಂದು ಹಿಂಜರಿದಿದ್ದರೆ ಮೂವತ್ತನಾಲ್ಕು ವರ್ಷ ಕರಿಹಲಗೆಯ ಮುಂದೆ ನಿಲ್ಲುತ್ತಿರಲಿಲ್ಲ.

ನಾನು ತಪ್ಪಿದ್ದೆ. ಈ ವಾಕ್ಯಕ್ಕೆ ವಿಶೇಷಣ ಬೇಕಾಗಿಲ್ಲ.

ಎರಡು ತಿಂಗಳು ನಾನು ಬರೆಯದಿದ್ದುದಕ್ಕೆ ಕಾರಣ ನಿನ್ನ "ಕೇಳುತ್ತಿರುವುದಲ್ಲ, ತಿಳಿಸುತ್ತಿರುವುದು" ಎಂಬ ಮಾತು. ಉತ್ತರ ಬರೆಯಲು ಐದು ಬಾರಿ ಕುಳಿತೆ. ಐದು ಬಾರಿಯೂ ಆ ವಾಕ್ಯದಲ್ಲಿ ತಿದ್ದುವಂಥದ್ದು ಏನೂ ಸಿಗಲಿಲ್ಲ.

ಗಾರೆಯವನ ಮಗಳು ಎಂದು ಆ ಮನುಷ್ಯ ಬರೆದುಕೊಟ್ಟಿರುವುದನ್ನು ಓದಿ, ಕೆಂಪು ಶಾಯಿಯಲ್ಲಿ ಅದರ ಕೆಳಗೆ ಗೆರೆ ಎಳೆದೆ. ಆಮೇಲೆ ನೆನಪಾಯಿತು. ನಿನ್ನ ಮದುವೆಯ ಮಾತುಕತೆ ನಡೆಯುತ್ತಿದ್ದಾಗ ಅಡುಗೆಮನೆಯಲ್ಲಿ ನಿಂತು ಇದೇ ಪದಗಳನ್ನು, ಇದೇ ಸ್ವರದಲ್ಲಿ ನಾನೂ ಆಡಿದ್ದೆ. ನಿನಗೆ ಕೇಳಿಸಿರಲಿಕ್ಕಿಲ್ಲ ಎಂದು ಇಷ್ಟು ದಿನ ಅಂದುಕೊಂಡಿದ್ದೆ.

ಇಂದು ಬೆಳಿಗ್ಗೆ ಶಾಲೆಗೆ ಹೋಗಿದ್ದೆ. ಗುಮಾಸ್ತೆಯ ಜಾಗವನ್ನು ಬೇರೆಯವರಿಗೆ ಕೊಡಲು ಹೇಳಿ ಬಂದೆ. "ಇನ್ನೂ ವಿಚಾರಣೆ ಆಗಿಲ್ಲವಲ್ಲ ಟೀಚರ್, ಹದಿನೈದು ದಿನ ಕಾಯೋಣವಾ?" ಎಂದಳು ಮುಖ್ಯೋಪಾಧ್ಯಾಯಿನಿ. ಕಾಯುವುದು ಏನನ್ನು ಎಂದೆ.

ಧೈರ್ಯವಾಗಿ ಹೋಗು. ಮೊದಲು ಎಲ್ಲಿ, ಆಮೇಲೆ ಏನು. ಗಟ್ಟಿಯಾಗಿ ಮಾತಾಡು, ಕೊನೆಯ ಸಾಲಿನವರಿಗೂ ಕೇಳಿಸಬೇಕು.

ಅತ್ತೆ

ಸೆಪ್ಟೆಂಬರ್ ೧೨

ಅತ್ತೆಯವರಿಗೆ ನಮಸ್ಕಾರಗಳು.

ಗೆದ್ದೆವು.

ಇದನ್ನು ಮೊದಲ ಸಾಲಿನಲ್ಲಿಯೇ ಬರೆದುಬಿಟ್ಟಿದ್ದೇನೆ. ಇನ್ನು ಮೇಲೆ ನಿಧಾನವಾಗಿ ಓದಿ.

ಸಂಘದ ಸಭಾಂಗಣದಲ್ಲಿ ಉದ್ದನೆಯ ಮೇಜು. ಅತ್ತ ಅಧ್ಯಕ್ಷೆ ಮತ್ತು ಇಬ್ಬರು ಸದಸ್ಯರು. ಇತ್ತ ನರ್ಸಮ್ಮ, ಗುತ್ತಿಗೆದಾರರು, ನಾನು, ನಮ್ಮ ಯಜಮಾನರು. ಗುತ್ತಿಗೆದಾರರು ಬರೆದುಕೊಟ್ಟದ್ದನ್ನೇ ಮತ್ತೆ ಹೇಳಿದರು, ಚೆನ್ನಾಗಿಯೇ ಹೇಳಿದರು. ನರ್ಸಮ್ಮ ನನ್ನ ಮುಖ ನೋಡಲಿಲ್ಲ.

ನಾನು ಮೂರು ಪ್ರತಿಗಳನ್ನೂ ಮೇಜಿನ ಮೇಲೆ ಸಾಲಾಗಿಟ್ಟೆ. ಮೊದಲು ದಾರಿ. ಅದರ ಎಡಗಡೆಯ ಕಿಟಕಿಯ ಬಣ್ಣದ ಗಾಜನ್ನು ಕಂಡ ಕೂಡಲೇ ನರ್ಸಮ್ಮ ಕುರ್ಚಿಯಿಂದ ಎದ್ದರು. "ಇದು ನನ್ನ ಮನೆ!" ಎಂದರು.

"ನಿನ್ನ ಮನೆನೇ ಇರಬಹುದು ತಾಯಿ," ಎಂದರು ಗುತ್ತಿಗೆದಾರರು, ಸ್ವಲ್ಪವೂ ಬೆವರದೆ. "ದೂರು ಬಂದ ಮೇಲೆ ಯಾವತ್ತೋ ಒಳಗೆ ಹೋಗಿ, ಒಂದು ಬೀರು ತಂದಿಟ್ಟು ತೆಗೆದಿದ್ದಾಳೆ. ಫೋಟೊಗೇನು, ಯಾವಾಗ ಬೇಕಾದ್ರೂ ತೆಗೀಬಹುದು."

"ಹಿಂಬದಿ ನೋಡಿ ಮೇಡಂ" ಎಂದೆ.

ಅಧ್ಯಕ್ಷೆ ಒಂದೊಂದನ್ನೇ ತಿರುವಿ ಗಟ್ಟಿಯಾಗಿ ಓದಿದರು. "ಈ ಚಿತ್ರ ಏನನ್ನೂ ಸಾಬೀತುಪಡಿಸುವುದಿಲ್ಲ. ತೆಗೆದುಹಾಕು. ಜೂನ್ ೮." "ಬೀರುವಿನ ಛಾಯಾಚಿತ್ರಕ್ಕೂ ಮನೆಯ ತಪಾಸಣೆಗೂ ಏನು ಸಂಬಂಧ? ತೆಗೆದುಹಾಕು. ಜೂನ್ ೮." "ಕಾಣದ ಅಟ್ಟದ ಚಿತ್ರ ಅಟ್ಟದ ಚಿತ್ರವಲ್ಲ. ತೆಗೆದುಹಾಕು. ಜೂನ್ ೮." ಜೊತೆಗೆ ಲಕೋಟೆಯನ್ನೂ ಕೊಟ್ಟೆ. ಅದರ ಮೇಲೆ ಅಂಚೆಯ ಮುದ್ರೆ, ಜೂನ್ ಒಂಬತ್ತು. ಮನೆ ಮಾರಾಟವಾದದ್ದು ಜುಲೈ ಹದಿನಾಲ್ಕು.

ಅಧ್ಯಕ್ಷೆ ಕನ್ನಡಕ ತೆಗೆದರು. "ಯಾರಿದು, ಇಷ್ಟು ಖಡಾಖಂಡಿತವಾಗಿ ಬರೆಯೋರು?"

"ನಮ್ಮತ್ತೆ."

"ನಿಮ್ಮತ್ತೆ ಹೇಳಿದ ಹಾಗೆ ನೀವು ಮಾಡಿದ್ರಾ?"

"ಮೂರರಲ್ಲಿ ಎರಡು ಮಾಡಿದೆ ಮೇಡಂ. ಒಂದು ಮೀರಿದೆ."

ಸದಸ್ಯರೊಬ್ಬರು ಮೇಜು ತಟ್ಟಿ ನಕ್ಕರು. ಗುತ್ತಿಗೆದಾರರು ಮಾತ್ರ ಇನ್ನೂ ಬಿಡಲಿಲ್ಲ. ಬೀರು ತನ್ನದಲ್ಲ, ಮನೆ ನೋಡಲು ಬಂದವರು ಯಾರೋ ಇಟ್ಟಿರಬೇಕು, ಆವತ್ತು ತಾನು ಊರಲ್ಲೇ ಇರಲಿಲ್ಲ ಎಂದರು.

ಆಗ ನಮ್ಮ ಯಜಮಾನರು, ಫೋಟೊ ಎಂದರೆ ಮೂಗು ಮುರಿಯುವ ಅದೇ ಯಜಮಾನರು, ಎರಡನೆಯ ಪ್ರತಿಯನ್ನು ಎಳೆದುಕೊಂಡು ಜೇಬಿನಿಂದ ಭೂತಗನ್ನಡಿ ತೆಗೆದರು. ಬೀರುವಿನ ನಿಲುವುಗನ್ನಡಿಯ ಮೇಲೆ ಅದನ್ನು ಹಿಡಿದು ಬಹಳ ಹೊತ್ತು ಬಗ್ಗಿದ್ದರು. ಆಮೇಲೆ ತಲೆಯೆತ್ತದೆಯೇ ಕೇಳಿದರು: "ಇದ್ಯಾರಪ್ಪಾ, ಕನ್ನಡಿಯೊಳಗೆ ಬೀಗದ ಕೈ ಹಿಡ್ಕೊಂಡು ಆಕಳಿಸ್ತಿರೋದು?"

ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ನನ್ನ ಬೆನ್ನ ಹಿಂದೆ ನಿಂತು ಬೇಸರದಿಂದ ಬಾಯಿ ತೆರೆದ ಗುತ್ತಿಗೆದಾರರು, ಹಲ್ಲುಗಳ ಸಮೇತ. ಆ ಫೋಟೊವನ್ನು ನಾನು ಎಷ್ಟು ಸಲ ನೋಡಿದ್ದೆ! ಬೀರುವಿನ ಮೇಲಿನ ಬಾಗಿಲನ್ನೇ ನೋಡುತ್ತಿದ್ದೆ, ಕನ್ನಡಿಯನ್ನು ನೋಡಿರಲಿಲ್ಲ. ಕೊನೆಗೆ ಭೂತಗನ್ನಡಿ ಅವರ ಕೈಗೇ ಬಂತು. ಅವರು ನೋಡಿದರು. "ಆಕಳಿಕೆ ಬಂದಿರಬೇಕು" ಎಂದರು. ಅಷ್ಟೇ.

ತೀರ್ಪು ಅರ್ಧ ಗಂಟೆಯಲ್ಲಿ ಬಂತು. ನನ್ನ ಮೇಲಿನ ದೂರು ವಜಾ. ಸೂರನ್ನೂ ತೊಲೆಗಳನ್ನೂ ಗುತ್ತಿಗೆದಾರರು ತಮ್ಮ ಖರ್ಚಿನಲ್ಲಿ ಹೊಸದಾಗಿ ಹಾಕಿಸಿಕೊಡಬೇಕು. ಅವರು ಒಪ್ಪಿ ಸಹಿ ಮಾಡಿದ್ದಾರೆ. ಇನ್ನೊಂದು: ಇನ್ನು ಮುಂದೆ ಸಂಘದ ಪ್ರತಿಯೊಬ್ಬ ತಪಾಸಕರೂ, ನೋಡಲಾಗದ ಯಾವುದೇ ಜಾಗದ ಮೂರು ಫೋಟೊಗಳನ್ನು ಕಡ್ಡಾಯವಾಗಿ ವರದಿಯಲ್ಲಿ ಸೇರಿಸಬೇಕು. ದೂರದಿಂದ, ನಡುವಿನಿಂದ, ಹತ್ತಿರದಿಂದ. ಅಧ್ಯಕ್ಷೆ ಇದನ್ನು ಬರೆಸುತ್ತಿದ್ದಾಗ ನನಗೆ ನಿಮ್ಮ ಭೂಪಟ ಕಣ್ಣಮುಂದೆ ಬಂತು.

ನರ್ಸಮ್ಮ ಹೊರಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಏಣಿಗೆ ಹೆದರ್ತೀಯ ಅಂತ ನಂಬಿಬಿಟ್ಟೆನಲ್ಲಾ" ಎಂದು ಅತ್ತರು. ಅದೇ ಸಂಜೆ ಅವರ ಮನೆಗೆ ಹೋಗಿ ಅಟ್ಟ ಹತ್ತಿದೆ. ಒಳಗೆ ನಿಂತು ಕೆಳಗಿದ್ದ ಅವರಿಗೆ ಕೈ ಬೀಸಿದೆ.

ಯಜಮಾನರು ದಾರಿಯಲ್ಲಿಯೇ ಶಿಫಾರಸಿಗೆ ಸಹಿ ಹಾಕಿದರು, ಮೊಣಕಾಲ ಮೇಲೆ ಇಟ್ಟುಕೊಂಡು. "ಮೂಗಿಗೆ ಕನ್ನಡಿಯೊಳಗಿನ ವಾಸನೆ ಬರಲ್ಲ ನೋಡು" ಎಂದರು.

ಮದುವೆಯ ಮಾತುಕತೆಯ ದಿನ ಅಡುಗೆಮನೆಯಲ್ಲಿ ನೀವು ಆಡಿದ್ದು ನನಗೆ ಕೇಳಿಸಿತ್ತು.

ನಿಮ್ಮ,
ಸೊಸೆ

ಸೆಪ್ಟೆಂಬರ್ ೧೭

ನನ್ನ ಸೊಸೆಗೆ,

ನಿನ್ನ ಪತ್ರದ ಕೊನೆಯ ಸಾಲನ್ನು ಒಬ್ಬಳೇ ಕುಳಿತು ಓದಿದೆ. ಅದಕ್ಕೆ ಪತ್ರದಲ್ಲಿ ಉತ್ತರವಿಲ್ಲ. ಬಂದು ಎದುರಿಗೆ ನಿಂತು ಕೊಡುತ್ತೇನೆ. ದಸರೆ ರಜೆಯಂಥ ನೆಪವೇನೂ ಬೇಡ, ಬರುವ ಶನಿವಾರದ ಬಸ್ಸಿಗೆ ಟಿಕೆಟು ಆಗಿದೆ.

ಉಳಿದ ಭಾಗವನ್ನು ಮಾತ್ರ ಒಬ್ಬಳೇ ಓದಲಿಲ್ಲ. ಪಕ್ಕದ ಮನೆಯವರನ್ನು, ಎದುರು ಮನೆಯವರನ್ನು, ಹಾಲು ಕೊಡಲು ಬಂದವಳನ್ನು ಜಗಲಿಯಲ್ಲಿ ಕೂರಿಸಿ ಓದಿ ಹೇಳಿದೆ. "ತೆಗೆದುಹಾಕು" ಎಂಬುದನ್ನು ಮೂರು ಸಲವೂ ನನ್ನದೇ ಕಂಠದಲ್ಲಿ ಓದಿದೆ. "ಅಂದ್ರೆ ಟೀಚರ್, ನೀವು ತಪ್ಪು ಹೇಳಿದ್ದೇ ಒಳ್ಳೇದಾಯ್ತು ಅನ್ನಿ" ಎಂದಳು ಹಾಲಿನವಳು. ನಾನು ಹೇಳಿದ್ದು ತಪ್ಪೇ, ಆದರೆ ತಾರೀಖು ಹಾಕಿ ಹೇಳಿದ್ದೆ ಎಂದೆ.

ನಿನ್ನ ಗಂಡನನ್ನು ಆತನ ಮುದ್ರಣಾಲಯದವರು ನಿನ್ನೂರಿನ ಶಾಖೆಗೆ ಕಳಿಸಲು ಒಪ್ಪಿದ್ದಾರೆ. ಇಬ್ಬರೂ ಒಟ್ಟಿಗೆ ಬರುತ್ತೇವೆ. ಆತ ಅಲ್ಲಿಯೇ ಉಳಿಯುತ್ತಾನೆ.

ನಿನ್ನ,
ಅತ್ತೆ

ನವೆಂಬರ್ ೬

ಅತ್ತೆಯವರಿಗೆ ನಮಸ್ಕಾರಗಳು.

ಎದುರಿಗೆ ನಿಂತು ನೀವು ಆಡಿದ ಮಾತಿನಲ್ಲಿ ತಿದ್ದುವಂಥದ್ದು ನನಗೂ ಏನೂ ಸಿಗಲಿಲ್ಲ. ನೀವು ಇಲ್ಲಿಂದ ಹೊರಟ ಮರುದಿನವೇ ಪರವಾನಗಿ ಬಂತು. ನಿಮ್ಮ ಮಗ ಅದಕ್ಕೆ ಕಟ್ಟು ಹಾಕಿಸಿಕೊಟ್ಟಿದ್ದಾರೆ. ಕಚೇರಿಯಲ್ಲಿ ನನಗೆ ಈಗ ಸ್ವಂತ ಮೇಜು, ಸ್ವಂತ ಕ್ಯಾಮೆರಾ. ಇವನ್ನೆಲ್ಲ ತಿಳಿಸಲೆಂದು ಈ ಪತ್ರ ಆರಂಭಿಸಿ ನಾಲ್ಕು ದಿನವಾಯಿತು; ಅಷ್ಟರಲ್ಲಿ ನಿನ್ನೆ ಬೆಳಿಗ್ಗೆ ಬಾಗಿಲಲ್ಲಿ ಯಾರು ನಿಂತಿದ್ದರೆಂದು ನೀವು ಊಹಿಸಲಾರಿರಿ.

ಗುತ್ತಿಗೆದಾರರು.

ಕೈಯಲ್ಲಿ ಬೀಗದ ಕೈ ಇರಲಿಲ್ಲ. ಯಜಮಾನರು ಎದ್ದು ನಿಂತರು. ಅವರು ಯಜಮಾನರನ್ನು ನೋಡದೆ ನೇರವಾಗಿ ನನ್ನ ಮೇಜಿನ ಮುಂದೆ ಬಂದು ಕುಳಿತರು.

"ಒಂದು ಸಣ್ಣ ಮನೆ ಕೊಳ್ತಿದ್ದೀನಿ. ನನಗೂ ನಮ್ಮನೆಯವಳಿಗೂ ಸಾಕಾಗೋಷ್ಟು. ಕಟ್ಟಿದವನು ನನ್ನ ಹಾಗೇ ಒಬ್ಬ ಗುತ್ತಿಗೆದಾರ."

"ಸರಿ ಸಾರ್."

"ಅವನು ಎಲ್ಲೆಲ್ಲಿ ಏನೇನು ಮುಚ್ಚಿಟ್ಟಿರ್ತಾನೆ ಅಂತ ನನಗೆ ಗೊತ್ತು. ಆದ್ರೆ ಹತ್ತೋಕೆ ಮೊಣಕಾಲು ಬಿಡಲ್ಲ." ಸ್ವಲ್ಪ ಹೊತ್ತು ಮೇಜಿನ ಅಂಚನ್ನು ಉಗುರಿನಿಂದ ಕೆರೆದರು. "ನೀನೇ ಬರಬೇಕು. ಬೇರೆ ಯಾರೂ ಬೇಡ. ನನ್ನನ್ನೇ ಹಿಡಿದವಳು ಅವನನ್ನ ಬಿಡ್ತೀಯಾ?"

ಯಜಮಾನರು ಕೆಮ್ಮಿದರು. ನಾನು ದಿನಾಂಕದ ಪುಸ್ತಕ ತೆರೆದು, ನಾಳೆ ಒಂಬತ್ತೂವರೆಗೆ ಎಂದು ಬರೆದುಕೊಂಡೆ.

ಈಗಷ್ಟೇ ಅಲ್ಲಿಂದ ಬಂದೆ. ಬೀದಿಯ ಆಚೆ ಬದಿಗೆ ಹೋಗಿ ಇಡೀ ಮನೆ ಬರುವಂತೆ ಕ್ಯಾಮೆರಾ ಎತ್ತಿದಾಗ, ಹೊಸ ಮನೆಯ ಮುಂದೆ ತಮ್ಮನ್ನೂ ತೆಗೆಯುತ್ತೇನೆಂದು ತಿಳಿದರೋ ಏನೋ, ಗುತ್ತಿಗೆದಾರರು ಅಂಗಿ ಸರಿಪಡಿಸಿಕೊಂಡು, ಎದೆಯುಬ್ಬಿಸಿ, ಮುಂದಿನ ಗೋಡೆಗೆ ಅಡ್ಡವಾಗಿ ನಿಂತರು.

"ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್" ಎಂದು ಅಲ್ಲಿಂದಲೇ ಕೂಗಿದೆ. "ಗೋಡೆ ಕಾಣ್ತಿಲ್ಲ."

ಬಂದರು.

ನಿಮ್ಮ,
ಸೊಸೆ, ಮನೆ ತಪಾಸಕಿ